ನಾಲ್ಕನೇ ಕ್ಲಾಸಿನ ಚಡ್ಡಿ ಮತ್ತು ಅಪ್ಪನ ರಾಗಿ ಮೂಟೆ

ಅಪ್ಪನ ಜೊತೆ ಸರ್ಕಾರಿ ಖರೀದಿ ಕೇಂದ್ರಕ್ಕೆ ರಾಗಿ ಬಿಡಲು ಬಂದಿದ್ದೇನೆ. ಟೋಕನ್ 61. ಈಗ ಕೂಗುತ್ತಿರುವುದು ಇಪ್ಪತ್ತರ ಆಸುಪಾಸು. ಹಾಗಾಗಿ ಟೈಮಿದೆ, ಸಿಟ್ಟೂ ಇದೆ, ಬರೆಯುತ್ತಿದ್ದೇನೆ.

ಟೀ ಅಂಗಡಿಯ ಟಿವಿಯಲ್ಲಿ ವ್ಯಾಪಾರ ಒಪ್ಪಂದಗಳ ಚರ್ಚೆ. ಟೈ ಕಟ್ಟಿದ ಒಬ್ಬರು, "ನಮ್ಮ ರೈತರು ಇನ್ನಾದರೂ ಸ್ಪರ್ಧೆ ಮಾಡುವುದನ್ನು ಕಲಿಯಬೇಕು" ಅಂದರು. ಪಕ್ಕದಲ್ಲಿ ಅಪ್ಪ ಬನ್ನು ಅದ್ದುತ್ತಿದ್ದರು. ವಯಸ್ಸು ಎಪ್ಪತ್ತೆಂಟು. "ಯಾರ ಜೊತೆಯಂತೆ?" ಅಂತ ಕೇಳಿದರು. ಅಮೆರಿಕ, ಯುರೋಪು ಅಂದೆ. "ಓ" ಅಂದು ಬನ್ನು ಮುಗಿಸಿದರು.

ಸ್ಪರ್ಧೆ ಮಾಡೋಣ ಸ್ವಾಮಿ. ಅಳತೆಗೋಲು ಯಾರದು?

2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಹೀಗೆ ಬೆಲೆ ಕೊಟ್ಟು ಕೊಳ್ಳುವುದರಲ್ಲಿ ಸಬ್ಸಿಡಿ ಎಷ್ಟು ಅಂತ ವಿಶ್ವ ವ್ಯಾಪಾರ ಸಂಸ್ಥೆಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕಕ್ಕೆ ಇವತ್ತಿನ ಪೇಟೆ ಧಾರಣೆ ನಡೆಯುವುದಿಲ್ಲ. 1986-88ರ ಅಂತರರಾಷ್ಟ್ರೀಯ ಬೆಲೆ ಬೇಕು! 1987ರಲ್ಲಿ ನಾನು ನಾಲ್ಕನೇ ಕ್ಲಾಸು. ಆಗ ಹೊಲಿಸಿದ ಚಡ್ಡಿಯನ್ನು ಇವತ್ತು ನನ್ನ ಸೊಂಟಕ್ಕೆ ಹಿಡಿದು, "ನೋಡಿ, ಎಷ್ಟು ತಿಂದು ಊದಿದ್ದಾನೆ" ಅಂದ ಹಾಗಾಯಿತು. (ಊದಿರುವುದು ನಿಜ. ಆ ಮಾತು ಬೇರೆ.)

ಆ ಚಡ್ಡಿ ಅಳತೆಯಲ್ಲಿ ನಮ್ಮಂಥ ದೇಶಕ್ಕೆ ಸಬ್ಸಿಡಿಯ ಮಿತಿ ಆ ಬೆಳೆಯ ಒಟ್ಟು ಮೌಲ್ಯದ ಶೇಕಡ 10. 2018-19ರಲ್ಲಿ ಭತ್ತಕ್ಕೆ ಕೊಟ್ಟ ಬೆಂಬಲ ಆ ಗೆರೆ ದಾಟಿತು. 2013ರಲ್ಲಿ ಅದೇ ಸಂಸ್ಥೆಯ ಬಾಲಿ ಸಭೆಯಲ್ಲಿ ಸಿಕ್ಕಿದ್ದ ತಾತ್ಕಾಲಿಕ ರಿಯಾಯಿತಿ ಇತ್ತು, ಅದನ್ನು ಹಿಡಿದು ಪಾರಾದೆವು. ರಿಯಾಯಿತಿ! ನಮ್ಮ ಅಕ್ಕಿ, ನಮ್ಮ ರೇಷನ್ ಅಂಗಡಿ, ಅದಕ್ಕೂ ಅವರ ದಯೆ ಬೇಕು.

ಅವರೇನು ಕೈ ಕಟ್ಟಿ ಕೂತಿದ್ದಾರಾ? ಯುರೋಪಿಯನ್ ಒಕ್ಕೂಟದ ಬಜೆಟ್ಟಿನ ಸುಮಾರು ಮೂರನೇ ಒಂದು ಭಾಗ ಕೃಷಿ ನೀತಿಗೇ ಹೋಗುತ್ತದೆ. ಅದರಲ್ಲಿ ಬಹುಪಾಲು, ಅದೇ ಸಂಸ್ಥೆಯ ಲೆಕ್ಕದಲ್ಲಿ "ಹಸಿರು ಪೆಟ್ಟಿಗೆ"ಯೊಳಗೆ. ಬೆಳೆಗೂ ಬೆಲೆಗೂ ತಳುಕು ಹಾಕದೆ ದುಡ್ಡು ಕೊಟ್ಟರೆ ಅದು ವ್ಯಾಪಾರ ಕೆಡಿಸುವುದಿಲ್ಲವಂತೆ, ಅದಕ್ಕೆ ಮಿತಿಯೇ ಇಲ್ಲ. ಇನ್ನು ಅಮೆರಿಕದ ಹತ್ತಿ ಕಥೆ. ಆ ಸಬ್ಸಿಡಿ ತಪ್ಪು ಅಂತ ಬ್ರೆಜಿಲ್ ಕೇಸು ಹಾಕಿ ಗೆದ್ದಿತು. ಅಮೆರಿಕ ಏನು ಮಾಡಿತು ಗೊತ್ತಾ? 2010ರಲ್ಲಿ, ವರ್ಷಕ್ಕೆ 14.73 ಕೋಟಿ ಡಾಲರ್ ಬ್ರೆಜಿಲ್‌ಗೆ ಕೊಡ್ತೀವಿ ಅಂತ ಒಪ್ಪಿಕೊಂಡಿತು. ತನ್ನ ರೈತರ ಸಬ್ಸಿಡಿ ಉಳಿಸಿಕೊಳ್ಳಲು ಎದುರು ಪಾರ್ಟಿಯ ರೈತರಿಗೂ ದುಡ್ಡು! ಟೈ ಕಟ್ಟಿದವರು ಹೇಳುವ ಸ್ಪರ್ಧೆ ಇದೇ.

"ಒಪ್ಪಂದದಿಂದ ಲಾಭವೂ ಇದೆ ಮಾರಾಯ, ಹಾಲನ್ನು ಹೊರಗಿಟ್ಟಿದ್ದಾರಲ್ಲ" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಸರಿ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಹಾಕಿದ ಒಪ್ಪಂದದಲ್ಲಿ ಹಾಲು ಇಲ್ಲ. ಸ್ಕಾಚ್ ವಿಸ್ಕಿಯ ಸುಂಕ ಮಾತ್ರ ಶೇಕಡ 150ರಿಂದ 75ಕ್ಕೆ, ಆಮೇಲೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತದೆ. ಸಹಿ ಬಿದ್ದ ಸಂಜೆಯೇ ನನಗೆ ಮೆಸೇಜ್ ಕಳಿಸಿದ ಗೆಳೆಯರು ಇದನ್ನು ಓದುತ್ತಿದ್ದೀರಿ, ನಮಸ್ಕಾರ. ಆದರೆ ಹಾಲು ಸುಮ್ನೆ ಹೊರಗೆ ಉಳಿಯಲಿಲ್ಲ. 2019ರಲ್ಲಿ ಆರ್‌ಸಿಇಪಿ ಅಂತ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದ ಬಂದಾಗ, ನ್ಯೂಜಿಲೆಂಡಿನ ಹಾಲಿನ ಪುಡಿ ನುಗ್ಗುತ್ತದೆ ಅಂತ ಹಸು ಕಟ್ಟಿದವರೆಲ್ಲ ಕೂಗಿದರು. ಆ ನವೆಂಬರಿನಲ್ಲಿ ಭಾರತ ಹಿಂದೆ ಸರಿಯಿತು. ಕೂಗಿದ್ದಕ್ಕೆ ಉಳಿಯಿತು. ಸ್ಪರ್ಧೆ ಮಾಡಿದ್ದಕ್ಕಲ್ಲ.

ಇನ್ನೊಂದು ಮಾತು. ಹೇಳಬಾರದು ಅಂದುಕೊಂಡಿದ್ದೆ.

ನಾನು ಒಂದು ಕಾಲದಲ್ಲಿ ಮಿಡಿ ಸೌತೆ ಕಂಪನಿಯಲ್ಲಿ ಫೀಲ್ಡ್‌ಮನ್ ಆಗಿದ್ದೆ, ರೈತರ ಕಾಯಿ ನೋಡಿ ತೆಗೆದುಕೊಳ್ಳುವ ಕೆಲಸ. ನಮ್ಮ ತುಮಕೂರು ಸೀಮೆಯ ಕಾಯಿ, ಬಾಟಲಿಯಲ್ಲಿ ಉಪ್ಪಿನ ನೀರು ಕುಡಿದು ಯುರೋಪಿಗೆ ಹೋಗುತ್ತಿತ್ತು. ಅದರಿಂದಲೇ ನನ್ನ ಮನೆ ನಡೆದಿದ್ದು, ಇಲ್ಲ ಅನ್ನಲ್ಲ. ಕೆಜಿಗೆ ಎಷ್ಟು ಕಾಯಿ ತೂಗುತ್ತದೆ ಅನ್ನುವುದೇ ಅಲ್ಲಿ ದರ. ಸಣ್ಣದಾದಷ್ಟೂ ರೇಟು ಜಾಸ್ತಿ. ಒಂದು ದಿನ ಬಳ್ಳಿಯಲ್ಲಿ ಬಿಟ್ಟರೆ ದಪ್ಪವಾಗಿ ರೇಟು ಬೀಳುತ್ತದೆ. ಒಬ್ಬ ಅಜ್ಜಿ, ಮಗಳ ಹೆರಿಗೆ ಅಂತ ಒಂದು ದಿನ ತಡವಾಗಿ ಕೊಯ್ದು ತಂದಿದ್ದಳು. ಮೂರು ಚೀಲ ವಾಪಸ್ ಕಳಿಸಿದೆ. "ನೀನೂ ಬೇಸಾಯಗಾರರ ಮನೆಯವನೇ ಅಲ್ವೇನಪ್ಪ?" ಅಂದಳು.

"ಅಳತೆ ನನ್ನದಲ್ಲಮ್ಮ" ಅಂದೆ.

ಆ ಕಾಯಿಯನ್ನು ಹಸುಗೆ ಹಾಕಿದಳಂತೆ.

ಇರಿ, ನಲವತ್ತು ದಾಟಿದೆ. ಅಪ್ಪ ಮೂಟೆಗಳ ಮೇಲೆ ಟವೆಲ್ ಹಾಸಿ ಮಲಗಿಬಿಟ್ಟಿದ್ದಾರೆ. ಎಬ್ಬಿಸಬೇಕು.