ಪಿಕ್ಚರ್ ಕ್ಲಿಯರ್ ಇಲ್ಲ ಅನ್ನೋರಿಗೆಲ್ಲ ಒಂದು ದೊಡ್ಡ ನಮಸ್ಕಾರ

ಟಿವಿ ಮಾಡೋ ಕಂಪನಿಯವ್ರಿಗೆ ನಂದು ಒಂದೇ ಪ್ರಶ್ನೆ. ನಿಮ್ಮನ್ನ ಯಾರು ಕೇಳಿದ್ರು? ಯಾರು ಬಂದು ಕೈ ಮುಗಿದು, ಸ್ವಾಮಿ ನಮ್ ಸಿನಿಮಾದಲ್ಲಿ ಚಿತ್ರ ಸ್ವಲ್ಪ ಕಮ್ಮಿ ಬಿದ್ದಿದೆ, ಮಧ್ಯೆ ಮಧ್ಯೆ ನೀವೇ ನಾಲ್ಕು ಬಿಡಿಸಿ ತುಂಬಿಸಿಕೊಡಿ ಅಂದ್ರು?

ವಿಷ್ಯ ಏನಂದ್ರೆ ನಮ್ಮಕ್ಕನ ಮನೇಲಿ ಹೊಸ ಟಿವಿ ತಗೊಂಡ್ರು, ಇಲ್ಲೇ ಚಿಕ್ಕಮಗಳೂರು ಎಂ.ಜಿ. ರೋಡಲ್ಲಿ, 65 ಇಂಚಿಂದು. ನನ್ ಹತ್ರ 1950ರ ಸಿಂಡ್ರೆಲಾ, ಡಿಸ್ನಿಯವ್ರು ಕೈಯಲ್ಲೇ ಬಿಡಿಸಿದ ಸಿನಿಮಾ, ಅದ್ರ 4ಕೆ ಡಿಸ್ಕ್ ಇತ್ತು. ಈ ಡಿಸ್ಕ್ ಎಲ್ಲ ನಮ್ಮೂರ ಅಂಗಡೀಲಿ ಸಿಗೋ ಮಾತೇ ಇಲ್ಲ, ಹೊರದೇಶದಿಂದ ತರಿಸ್ಬೇಕು, ಡಿಸ್ಕಿನ ರೇಟು ಬೇರೆ, ಕೊರಿಯರ್ ಬೇರೆ, ಅದ್ರ ಮೇಲೆ ಕಸ್ಟಮ್ಸ್ ಬೇರೆ. ಪುಣ್ಯಕ್ಕೆ 4ಕೆ ಡಿಸ್ಕಿಗೆ ಒಂದು ದೇಶದ್ದು ಇನ್ನೊಂದು ದೇಶದಲ್ಲಿ ಓಡಲ್ಲ ಅನ್ನೋ ರೀಜನ್ ಲಾಕ್ ಕಾಟ ಇಲ್ಲ, ಅಕ್ಕನ ಮಗನ ಗೇಮ್ ಕನ್ಸೋಲಲ್ಲೇ ಓಡುತ್ತೆ. ಭಾನುವಾರ, ಮಳೆ, ಕರೆಂಟೂ ಇತ್ತು, ಎಲ್ರೂ ಕೂತ್ರು. ಹಾಕ್ದೆ.

ಅಯ್ಯೋ ಮಾರಾಯ್ರೆ. ಏನದು. ಸಿಂಡ್ರೆಲಾ ಕೈ ಎತ್ತಿದ್ರೆ ಕೈ ಅಂಚು ಕರಗಿ ಹಿಂದಿನ ಗೋಡೆಗೆ ಅಂಟ್ಕೊಂಡ್ ಬರ್ತಿದೆ. ಇಲಿಗಳು ಓಡಿದ್ರೆ ಓಡ್ತಿಲ್ಲ, ಎಣ್ಣೆ ಮೇಲೆ ಜಾರ್ತಿದಾವೆ.

ಕೈಯಲ್ಲಿ ಬಿಡಿಸಿದ ಸಿನಿಮಾದ ಲೆಕ್ಕ ಗೊತ್ತಿರೋರಿಗೆ ಇದು ಯಾಕೆ ಉರಿಯುತ್ತೆ ಅಂತ ಅರ್ಥ ಆಗುತ್ತೆ. ಸೆಕೆಂಡಿಗೆ 24 ಫ್ರೇಮ್, ಅಂದ್ರೆ ಪರದೆ ಮೇಲೆ 24 ಸಲ ಚಿತ್ರ ಬೀಳುತ್ತೆ. ಆದ್ರೆ ಬಹಳಷ್ಟು ಕಡೆ ಒಂದು ಚಿತ್ರನ ಎರಡು ಫ್ರೇಮ್ ನಿಲ್ಲಿಸ್ತಾರೆ, ಅಂದ್ರೆ ಸೆಕೆಂಡಿಗೆ 12 ಚಿತ್ರ, ತುಂಬ ಸ್ಪೀಡಾಗಿರೋ ಕಡೆ ಮಾತ್ರ ಪ್ರತಿ ಫ್ರೇಮಿಗೂ ಹೊಸ ಚಿತ್ರ. ಎಲ್ಲಿ 12, ಎಲ್ಲಿ 24, ಯಾವ ಭಂಗಿ ಎಷ್ಟು ಹೊತ್ತು ನಿಲ್ಬೇಕು, ಇದನ್ನೆಲ್ಲ ಒಬ್ಬ ಮನುಷ್ಯ ಕೂತ್ಕೊಂಡು ಯೋಚ್ನೆ ಮಾಡಿ ತೀರ್ಮಾನ ಮಾಡಿರ್ತಾನೆ, ಬೆಕ್ಕು ಪಂಜ ಬೀಸೋದ್ರಲ್ಲಿ ಒಂದು ಏಟಿನ ರಭಸ ಬರೋದೇ ಅದ್ರಿಂದ. ಈ ಟಿವಿ ಒಳಗಿರೋ ಚಿಪ್ಪು ಏನ್ಮಾಡುತ್ತೆ, ಎರಡು ಚಿತ್ರದ ಮಧ್ಯೆ ಏನಿರಬಹುದು ಅಂತ ಊಹೆ ಮಾಡಿ ತಾನೇ ಒಂದಷ್ಟು ತೂರಿಸುತ್ತೆ. ಮೋಷನ್ ಸ್ಮೂದಿಂಗ್. ಒಂದೊಂದು ಕಂಪನಿಲಿ ಒಂದೊಂದು ಹೆಸರು, ಯಾಕಂದ್ರೆ ಒಂದೇ ಹೆಸರಿಟ್ರೆ ಜನ ಹುಡುಕಿ ಆಫ್ ಮಾಡ್ಬಿಡ್ತಾರಲ್ಲ! 2018ರಲ್ಲಿ ಟಾಮ್ ಕ್ರೂಸೇ ವಿಡಿಯೋ ಮಾಡಿ ಇದನ್ನ ಆಫ್ ಮಾಡಿ ಅಂತ ಜನಕ್ಕೆ ಕೇಳ್ಕೊಂಡಿದ್ದ. ಅವನು ಹೇಳಿದ್ದನ್ನೇ ಕೇಳಿಲ್ಲ, ನಮ್ಮ ಮಾತು ಎಲ್ಲಿ.

ಇನ್ನು ಬಣ್ಣ. ಆ ಡ್ಯಾನ್ಸಿಗೆ ಹೋಗೋ ಗೌನ್ ಇದೆಯಲ್ಲ, ಬೊಂಬೆ, ಸ್ಕೂಲ್ ಬ್ಯಾಗು, ಟಿಫನ್ ಬಾಕ್ಸ್ ಮೇಲೆಲ್ಲ ನೀಲಿ ಮಾಡಿ ಮಾಡಿ ನಮ್ ತಲೇಲೂ ನೀಲಿ ಕೂತಿದೆ, ಆದ್ರೆ ಸಿನಿಮಾದಲ್ಲಿ ಅದು ಬೆಳ್ಳಿ ಬಣ್ಣ, ಬಿಳುಪು ಕಡೆಗೆ. ವಿವಿಡ್ ಮೋಡಲ್ಲಿ ಟಿವಿ ಅದನ್ನ ವಾಪಸ್ ಟಿಫನ್ ಬಾಕ್ಸ್ ನೀಲಿ ಮಾಡಿ ಕೂರಿಸಿದೆ. ಅಂಗಡೀಲಿ ಟ್ಯೂಬ್‌ಲೈಟ್ ಬೆಳಕಲ್ಲಿ ಪಕ್ಕದ ಟಿವಿಗಿಂತ ಜಾಸ್ತಿ ಹೊಳೀಲಿ ಅಂತ ಇಟ್ಟಿರೋ ಸೆಟ್ಟಿಂಗ್ ಅದು, ಗಿಣಿ, ಜಲಪಾತ, ಕಿತ್ತಳೆ ಹಣ್ಣು ಕುಯ್ಯೋದು ತೋರಿಸಕ್ಕೆ. ಮನೆಗೆ ತಂದ ಮೇಲೂ ಹಂಗೇ ಇರುತ್ತೆ, ಇನ್‌ಸ್ಟಲೇಶನ್‌ಗೆ ಬಂದ ಹುಡುಗ ಗೋಡೆಗೆ ತೂಗು ಹಾಕಿ ಫೋಟೋ ತಗೊಂಡು ರೇಟಿಂಗ್ ಕೊಡಿ ಸರ್ ಅಂತ ಹೋದ.

ಸರಿ, ರಿಮೋಟ್ ತಗೊಂಡೆ. ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ, ಅದ್ರೊಳಗೆ, ಅದ್ರೊಳಗೆ ಹೋಗಿ ಸ್ಮೂದಿಂಗ್ ಆಫ್, ಚುಕ್ಕೆ ಕಂಡ್ರೆ ಒರೆಸೋ ನಾಯ್ಸ್ ರಿಡಕ್ಷನ್ ಆಫ್, ಶಾರ್ಪ್‌ನೆಸ್ ಇಳಿಸಿ, ಸಿನಿಮಾ ಮಾಡ್ದೋರು ಹೆಂಗ್ ಮಾಡಿದ್ರೋ ಹಂಗೇ ತೋರಿಸೋ ಫಿಲಂಮೇಕರ್ ಮೋಡ್ ಹಾಕ್ದೆ. 2019ರಲ್ಲಿ ಡೈರೆಕ್ಟರ್‌ಗಳೆಲ್ಲ ಸೇರಿ ದಮ್ಮಯ್ಯ ಗುಡ್ಡೆ ಹಾಕಿ ಮಾಡಿಸಿದ ಮೋಡು ಅದು, ಕೊನೇಲಿ ಎಲ್ಲೋ ಮೂಲೇಲಿ ಹಾಕಿದಾರೆ. ಹಾಕಿದ ತಕ್ಷಣ, ಆಹಾ, ಗೆರೆ ಕಾಣಿಸ್ತು. ಫಿಲಂ ಮೇಲೆ ಸಣ್ಣ ಸಣ್ಣ ಕಾಳಿನ ಥರ ಕಾಣುತ್ತಲ್ಲ, ಆ ಗ್ರೇನ್ ಬಂತು.

ಭಾವ ಎದ್ದು ಕೂತ್ರು. "ಎಂಥದೋ ಇದು, ಟಿವಿ ತುಂಬ ಸೊಳ್ಳೆ ಹಾರ್ದಂಗೆ ಆಗ್ತಿದೆ? ಮೊದ್ಲೇ ಕ್ಲಿಯರ್ ಇತ್ತಲ್ಲ ಮಾರಾಯ."

ಕ್ಲಿಯರ್! ಈ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ. ಭಾವ, ಅದು ಫಿಲಂ. ಒಂದೊಂದು ಚಿತ್ರಾನೂ ಪೆನ್ಸಿಲಲ್ಲಿ ಬರೆದು, ಆಮೇಲೆ ಪಾರದರ್ಶಕ ಸೆಲ್ ಹಾಳೆ ಮೇಲೆ ಇಂಕಲ್ಲಿ ತಿದ್ದಿ, ಹಾಳೆ ಹಿಂದಿನಿಂದ ಬಣ್ಣ ತುಂಬಿ, ಪೇಂಟ್ ಮಾಡಿದ ಬ್ಯಾಕ್‌ಗ್ರೌಂಡ್ ಮೇಲಿಟ್ಟು ಫೋಟೋ ಹೊಡೆದಿದ್ದು. ಅದೂ ಒಂದ್ಸಲ ಅಲ್ಲ, ಅದೇ ಚಿತ್ರನ ಕೆಂಪು, ಹಸಿರು, ನೀಲಿ ಫಿಲ್ಟರ್ ಹಾಕಿ ಮೂರ್ ಸಲ, ಬ್ಲಾಕ್ ಆಂಡ್ ವೈಟ್ ನೆಗೆಟಿವ್ ಮೇಲೆ. ಆ ಇಂಕಿನ ಗೆರೆ ತಿದ್ದಿದ್ದು ಹೆಚ್ಚಾಗಿ ಹೆಂಗಸ್ರು, ಬರೀ ಕಪ್ಪಲ್ಲ, ಕೆನ್ನೆಗೆ ಒಂದು ಬಣ್ಣದ ಗೆರೆ, ಕೂದಲಿಗೆ ಇನ್ನೊಂದು ಬಣ್ಣದ ಗೆರೆ. 1961ರ ನೂರೊಂದು ಡಾಲ್ಮೇಶಿಯನ್ ಸಿನಿಮಾದಿಂದ ಪೆನ್ಸಿಲ್ ಚಿತ್ರನ ನೇರ ಸೆಲ್ ಮೇಲೆ ಜೆರಾಕ್ಸ್ ಹೊಡೆಯೋದು ಬಂತು, ಆಮೇಲೆ ಈ ಕೈಗೆರೆ ಕೆಲಸ ಹೆಚ್ಚುಕಮ್ಮಿ ಮುಗೀತು. ಇದೇ ಸಿಂಡ್ರೆಲಾ ಸಿನಿಮಾದ ಹಿಂದಿನ ಬ್ಲೂರೇ ಡಿಸ್ಕಲ್ಲಿ ಕ್ಲಿಯರ್ ಮಾಡ್ತೀವಿ ಅಂತ ಗ್ರೇನ್ ಒರೆಸಕ್ಕೆ ಹೋಗಿ ಆ ಸಣ್ಣ ಗೆರೆಗಳನ್ನೂ, ಗೌನಿನ ಮಡಿಕೆಗಳನ್ನೂ ಒರೆಸ್ಬಿಟ್ಟಿದ್ರು, ನೋಡ್ದೋರೆಲ್ಲ ಬೈದು ಬೈದು ಕೊನೆಗೆ 2023ರಲ್ಲಿ ಒರಿಜಿನಲ್ ನೆಗೆಟಿವ್ ಇಂದ 4ಕೆ ಸ್ಕ್ಯಾನ್ ಮಾಡಿ ಗೆರೆ, ಗ್ರೇನು, ಬೆಳ್ಳಿ ಬಣ್ಣ ಎಲ್ಲ ವಾಪಸ್ ತಂದ್ರು. ಅಷ್ಟು ಕಷ್ಟಪಟ್ಟು ವಾಪಸ್ ತಂದಿದ್ದನ್ನ ಈ ಟಿವಿ ಅಕ್ಕನ ಮನೆ ಹಾಲ್‌ನಲ್ಲಿ ಅರ್ಧ ಸೆಕೆಂಡಲ್ಲಿ ಮತ್ತೆ ಒರೆಸಿ ಹಾಕುತ್ತೆ ಅಂದ್ರೆ, ಮತ್ತೆ ಅದಕ್ಕೆ ಮನೆಯವ್ರೆಲ್ಲ ತಲೆ ಆಡಿಸಿ ಈಗ ಚೆನ್ನಾಗಿದೆ ಅಂತಾರೆ ಅಂದ್ರೆ, ನಾನು ಯಾವ ಗೋಡೆಗೆ ತಲೆ ಚಚ್ಕೊಳ್ಲಿ? ಹರಿದ ಬಟ್ಟೆ ಗೌನ್ ಆಗೋ ಸೀನಲ್ಲಿ ಮಿಣುಕು ಚುಕ್ಕೆ ಸುತ್ಕೊಂಡು ಬರುತ್ತಲ್ಲ, ನಾಯ್ಸ್ ರಿಡಕ್ಷನ್ ಹೈ ಇಟ್ರೆ ಅದ್ರಲ್ಲೂ ಅರ್ಧ ಚುಕ್ಕೆ ಮಾಯ. ಕಸ ಅನ್ಕೊಂಡು ಗುಡಿಸಿದೆ.

ಅಷ್ಟಕ್ಕೇ ಮುಗೀಲಿಲ್ಲ. ಆ ಕಾಲದ ಸಿನಿಮಾ ಹೆಚ್ಚುಕಮ್ಮಿ ಚೌಕ, 1.37ಕ್ಕೆ 1, ಹಂಗಾಗಿ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ, ಬರ್ಬೇಕು. ಭಾವ ರಿಮೋಟ್ ಕಿತ್ಕೊಂಡು ಎಳೆದು ಫುಲ್ ಸ್ಕ್ರೀನ್ ಮಾಡಿದ್ರು, ಸಿಂಡ್ರೆಲಾ ಅಡ್ಡಡ್ಡ ಊದ್ಕೊಂಡ್ಳು, ಮಲತಾಯಿ ಮುಖ ಅಗಲ ಆಗಿ ಭಯಾನೇ ಹೋಯ್ತು. ಕೇಳಿದ್ರೆ, "ಪೂರ್ತಿ ಟಿವಿಗೆ ದುಡ್ಡು ಕೊಟ್ಟಿದೀನಿ, ಪೂರ್ತಿ ಟಿವಿ ಬೇಕು." ಇದಕ್ಕೆ ಏನ್ ಉತ್ತರ ಕೊಡ್ತೀರ ಹೇಳಿ. ಕಾಫಿ ರೇಟು ಇಳಿದಾಗ್ಲೂ ಇಷ್ಟು ಖಡಕ್ಕಾಗಿ ಮಾತಾಡಿದ್ದು ನೋಡಿರ್ಲಿಲ್ಲ.

ಆನ್‌ಲೈನಲ್ಲಿ ನೋಡ್ಬಹುದಲ್ಲ, ಡಿಸ್ಕ್ ಯಾಕೆ ಅಂತ ಅಕ್ಕನ ಮಗ. ನೋಡ್ಬಹುದು ಕಂದ. ಆನ್‌ಲೈನ್ 4ಕೆ ಅಂದ್ರೆ ಸೆಕೆಂಡಿಗೆ 15-25 ಮೆಗಾಬಿಟ್ ಆಸುಪಾಸು ಡೇಟಾ, ಡಿಸ್ಕಲ್ಲಿ ಅದ್ರ ಎಷ್ಟೋ ಪಟ್ಟು ಹಿಡಿಯುತ್ತೆ, ಡೇಟಾ ಕಮ್ಮಿ ಆದಾಗ ಮೊದ್ಲು ಸಾಯೋದೇ ಗ್ರೇನು. ಅದ್ರ ಮೇಲೆ ನಮ್ ಮಲ್ನಾಡ್ ಮಳೇಲಿ ಕೇಬಲ್ ಮೇಲೆ ಸಿಲ್ವರ್ ಮರ ಬಿದ್ರೆ ಆ 4ಕೆ ಯಾವ ಕೆ ಆಗುತ್ತೆ ಅಂತ ನಿಂಗೂ ಗೊತ್ತು.

ಉರೀತಿರೋವಾಗ ಇದೂ ಒಂದು ಹೇಳ್ಬಿಡ್ತೀನಿ. ಜಪಾನಿನ ಡೈರೆಕ್ಟರ್ ಯುಗೊ ಸಾಕೊ, ನಮ್ಮ ದೇಶದ ಕಾರ್ಟೂನ್ ಕಲಾವಿದ ರಾಮ್ ಮೋಹನ್ ಎಲ್ಲ ಸೇರಿ ಕೈಯಲ್ಲೇ ಬಿಡಿಸಿದ ರಾಮಾಯಣ ಸಿನಿಮಾ, ಚಿಕ್ಕೋರಿದ್ದಾಗ ಟಿವಿಲಿ ನೋಡಿದ್ವಲ್ಲ, ಅದು 2025ರ ಜನವರೀಲಿ 4ಕೆ ಆಗಿ ಥಿಯೇಟರಿಗೆ ಬಂತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಕನ್ನಡ? ಇಲ್ಲ. ಮನೇಲಿ ಅಜ್ಜಿಗೆ ರಾಮಾಯಣ ತೋರಿಸ್ಬೇಕಂದ್ರೆ ಹಿಂದೀಲಿ ತೋರಿಸಿ ಪಕ್ಕದಲ್ಲಿ ಕೂತು ನಾವು ಅರ್ಥ ಹೇಳ್ಬೇಕು. ಇದ್ರ ಬಗ್ಗೆ ಇನ್ನೊಂದು ದಿನ ಬೈತೀನಿ, ಈಗ ಶಕ್ತಿ ಇಲ್ಲ.

ಮೊನ್ನೆ ಏನಾಯ್ತು ಅಂದ್ರೆ ಅಕ್ಕ ಫೋನ್ ಮಾಡಿ, ನೀನು ಏನೋ ಒತ್ತಿ ಹೋದಾಗಿಂದ ಸೀರಿಯಲ್ಲು ಡಲ್ ಕಾಣ್ತಿದೆ ಕಣೋ, ನಿಮ್ ಭಾವ ಸರ್ವೀಸ್ ಹುಡುಗನ್ನ ಕರೆಸಿದ್ರು ಅಂದ್ಳು. ಆ ಪುಣ್ಯಾತ್ಮ ಬಂದು, ಸರ್ ಯಾರೋ ಸೆಟ್ಟಿಂಗ್ ಹಾಳು ಮಾಡಿದಾರೆ ಅಂತ ಫ್ಯಾಕ್ಟರಿ ರೀಸೆಟ್ ಹೊಡೆದು ಹೋಗಿದಾನೆ. ಸ್ಮೂದಿಂಗ್, ವಿವಿಡ್ಡು, ನಾಯ್ಸ್ ರಿಡಕ್ಷನ್ನು, ಎಲ್ಲ ಸುಖವಾಗಿ ವಾಪಸ್. ವಿಸಿಟ್ ಚಾರ್ಜ್ ಬೇರೆ ತಗೊಂಡಿದಾನೆ. ನಾನು ಬಂದ್ರೆ ಮುಟ್ಬಾರ್ದು ಅಂತ ಭಾವ ಸೆಟ್ಟಿಂಗ್ಸಿಗೆ ಪಿನ್ ಹಾಕ್ಸಿದಾರಂತೆ, ಆ ಪಿನ್ ಅಕ್ಕಂಗೂ ಹೇಳಿಲ್ವಂತೆ.