ನಿಧಿ ನಿಕ್ಷೇಪ ನಿಮ್ಮದೇ, ಪಾರ್ಕಿಂಗ್ ಮಾತ್ರ ಕೇಳಬೇಡಿ

ಕನ್ನಡ ಕ್ರಯಪತ್ರದಷ್ಟು ಧಾರಾಳಿ ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಹಳೇ ಮಾದರಿಯನ್ನೇ ಇಳಿಸಿ ‘ನಿಧಿ, ನಿಕ್ಷೇಪ, ಜಲ, ತರು, ಪಾಷಾಣ’ಗಳನ್ನೆಲ್ಲ ಪುತ್ರ ಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ ಬರೆದುಕೊಡುತ್ತಾರೆ. ಜಲ ಟ್ಯಾಂಕರಿನಲ್ಲಿ ಬರುತ್ತದೆ. ತರು ಬಾಲ್ಕನಿಯ ಕುಂಡದಲ್ಲಿದೆ. ಪಾಷಾಣ ಆ ಜಲ ಕುಡಿದವರ ಕಿಡ್ನಿಯಲ್ಲಿದೆ. ನಿಧಿಗಾಗಿ ಅಗೆದರೆ ಸಿಗುವುದು ಎರಡನೇ ಮಹಡಿಯವರ ಫಾಲ್ಸ್ ಸೀಲಿಂಗು. ಇನ್ನು ಪಾರ್ಕಿಂಗ್ ಜಾಗದ ನಂಬರ್, ಕಾರ್ಪೆಟ್ ಏರಿಯಾ, ನೆಲದಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಅನ್ನುವುದು? ಪತ್ರದ ಕೊನೆಯ ಆಸ್ತಿ ವಿವರದಲ್ಲಿ, ಅಂದರೆ ಷೆಡ್ಯೂಲಿನಲ್ಲಿ, ದೀಪ ಹಚ್ಚಿ ಹುಡುಕಬೇಕು.

ಸೈಟಾದರೆ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಎಲ್ಲೆ, ನೋಡಿ. ಅಜ್ಜನ ಕಾಲದ ಮೂಲಪತ್ರದಿಂದ ಹಾಗೇ ನಕಲು: ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಮುನಿಯಪ್ಪನ ಹೊಲ. ಹುಣಸೆಮರ ಮೆಟ್ರೋ ಪಿಲ್ಲರ್ ಆಗಿದೆ, ಹೊಲ ಪಿ.ಜಿ. ಆಗಿದೆ. ಬ್ಯಾಂಕಿನ ವಕೀಲರು ಫೈಲು ನಿಲ್ಲಿಸುವುದು ಇಲ್ಲೇ. ತಿದ್ದುಪಡಿ ಪತ್ರಕ್ಕೆ ಬರೆದುಕೊಟ್ಟವರೇ ಬಂದು ಸಹಿ ಹಾಕಬೇಕು, ಅವರೋ ಅಷ್ಟರಲ್ಲಿ ಚಂದ್ರಾರ್ಕರ ಕಡೆಗೇ ಹೊರಟುಹೋಗಿರುತ್ತಾರೆ.

ಕ್ರಯಕ್ಕೆ ಮುಂಚಿನ ಅಗ್ರಿಮೆಂಟು ಇನ್ನೂ ಸೊಗಸು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷಕ್ಕೆ ರೆಡಿ, ಆರನೇ ಕಲಮಿನಲ್ಲಿ ಹಿಂದಿನ ಗಿರಾಕಿಯ ಹೆಸರು ಸಮೇತ. ಕೊಳ್ಳುವವರು ತಪ್ಪಿದರೆ ಅಡ್ವಾನ್ಸ್ ಮುಟ್ಟುಗೋಲು. ಮಾರುವವರು ತಪ್ಪಿದರೆ ‘ಕಾನೂನು ರೀತ್ಯಾ ಕ್ರಮ ಜರುಗಿಸಲು ನೀವು ಹಕ್ಕುಳ್ಳವರಾಗಿರುತ್ತೀರಿ’, ಅಂದರೆ ಸಿವಿಲ್ ಕೋರ್ಟಿನ ಮೆಟ್ಟಿಲು ನಿಮ್ಮದು. ಸಾಲ ಮಂಜೂರಾಗದಿದ್ದರೆ ಇಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್ ಎಂದು ಒಂದು ಸಾಲು ಸೇರಿಸಿ ಅನ್ನಿ, ಬ್ರೋಕರ್ ಮುಖ ಸಣ್ಣದು ಮಾಡುತ್ತಾರೆ: ‘ಅಷ್ಟೂ ನಂಬಿಕೆ ಇಲ್ವಾ ಸಾರ್?’ ನಂಬಿಕೆ ಬರೆಯಲು ಇ-ಸ್ಟಾಂಪ್ ಪೇಪರಿನಲ್ಲಿ ಕಾಲಂ ಇಲ್ಲವಲ್ಲ. ರಿಜಿಸ್ಟರ್‌ಗೆ ಗಡುವು ಗೊತ್ತುಮಾಡಿದ್ದರೆ, ಆ ತಾರೀಖಿನಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಆಸ್ತಿ ಸೂರ್ಯಚಂದ್ರರಿರುವ ತನಕ, ದಾವೆ ಮಾತ್ರ ಮೂರೇ ವರ್ಷ.

ಅಷ್ಟರಲ್ಲಿ ಯಾರೋ ಅನ್ನುತ್ತಾರೆ, ‘ಕೀ ಕೊಟ್ಬಿಡಿ, ಪೇಂಟ್ ಮಾಡಿಸ್ಕೊಳ್ಳಲಿ.’ ‘ಸ್ವಾಧೀನ ಕೊಟ್ಟಿದ್ದೇವೆ’ ಎಂಬ ಎರಡು ಪದ ಅಗ್ರಿಮೆಂಟಿಗೆ ನುಸುಳಿತೋ, ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟೇ. ಅದು ಕಟ್ಟದ ಕಾಗದವನ್ನು ನಾಳೆ ಕೋರ್ಟಿಗೆ ಸಾಕ್ಷ್ಯವೆಂದು ಒಯ್ದರೆ ಕಮ್ಮಿಬಿದ್ದ ಶುಲ್ಕದ ಜತೆ ಅದರ 10 ಪಟ್ಟು ದಂಡ. ಕೋಟಿಯ ಮನೆಗೆ ದಂಡವೇ 50 ಲಕ್ಷದ ಆಸುಪಾಸು. ದುಬಾರಿ ಪೇಂಟು.

ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರೆಲ್ಲ ಸಾಲಾಗಿ ಕೂತಿರುತ್ತಾರೆ. ಅಕ್ಕತಂಗಿಯರು? ‘ಅವರಿಗೆ ಮದುವೇಲಿ ಕೊಟ್ಟಾಗಿದೆ ಬಿಡಿ.’ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿಯೂ ಬಂತು, ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಆಯಿತು. ಆ ಸುದ್ದಿ ಈ ಮನೆಯ ಹಜಾರಕ್ಕೆ ಮಾತ್ರ ಇನ್ನೂ ತಲುಪಿಲ್ಲ. ಅವರು ಮಾರುವವರಾಗಿ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತೋರಿಸಲಿ ಎಂದು ಕೇಳಿದವರೇ ಮನೆಮುರುಕರು.

ಬಿಲ್ಡರುಗಳ ಅಗ್ರಿಮೆಂಟು ಇಂಗ್ಲಿಷಿನಲ್ಲಿ ನಲವತ್ತು ಪುಟ. ನೀವು ತಡಮಾಡಿದರೆ 18% ಬಡ್ಡಿ, ಅವರು ತಡಮಾಡಿದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ, ಇದು ಹಳೇ ಸಂಪ್ರದಾಯ. ಬಿಲ್ಡರುಗಳಿಗೆ ಮೂಗುದಾರ ಹಾಕುವ 2016ರ ರಿಯಲ್ ಎಸ್ಟೇಟ್ ಕಾಯ್ದೆ, ರೇರಾ, ಇಬ್ಬರಿಗೂ ಒಂದೇ ದರ ಅನ್ನುತ್ತದೆ, ನೋಂದಾಯಿತ ಅಗ್ರಿಮೆಂಟಿಗೆ ಮುಂಚೆ 10%ಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದೂ ಅನ್ನುತ್ತದೆ. ಅನ್ನಲಿ ಬಿಡಿ, ‘ಬುಕಿಂಗ್ ಇವತ್ತೇ ಕ್ಲೋಸ್ ಸಾರ್!’

ಕ್ರಯಪತ್ರವಿಲ್ಲದೆ ಬರೀ ಜಿಪಿಎ (ಅಧಿಕಾರ ಪತ್ರ) ಮೇಲೆ ಮಾರಿದರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ಹೊಲವನ್ನು ಪರಿವರ್ತನೆ ಮಾಡಿಸದೆಯೇ ತುಂಡು ಮಾಡಿದ ರೆವಿನ್ಯೂ ಸೈಟಿನ ದಲ್ಲಾಳಿಗಳಿಗೆ ಆ ಆದೇಶದ ನಕಲು ಇನ್ನೂ ಸಿಕ್ಕಿಲ್ಲವಂತೆ.

ಇನ್ನು ಸರ್ಕಾರ. ಕೋಟಿಯ ಮನೆಗೆ ಮುದ್ರಾಂಕ ಶುಲ್ಕ 5 ಲಕ್ಷ, ಸೆಸ್ಸು ಸರ್‌ಚಾರ್ಜು ಸೇರಿ ಇನ್ನು 60 ಸಾವಿರ, 2025ರ ಆಗಸ್ಟ್ ಕೊನೆಗೆ ದುಪ್ಪಟ್ಟಾದ ನೋಂದಣಿ ಶುಲ್ಕ 2 ಲಕ್ಷ. ಒಟ್ಟು 7,60,000 ರೂಪಾಯಿ. ಇಷ್ಟು ಕೊಟ್ಟ ಮೇಲೆ ಮಾರಿದವರಿಗೆ ಮಾರುವ ಹಕ್ಕಿತ್ತೇ ಅಂತ ಕೇಳಿದರೆ ಸಬ್ ರಿಜಿಸ್ಟ್ರಾರ್ ಹೇಳುತ್ತಾರೆ, ಅದನ್ನು ನೋಡುವುದು ನಮ್ಮ ಕೆಲಸವಲ್ಲ. ಋಣಭಾರ ಪತ್ರ (ಇ.ಸಿ.) ಹೇಳುತ್ತದೆ, ನೋಂದಣಿಯಾದದ್ದಷ್ಟೇ ನನಗೆ ಗೊತ್ತು. ನೋಟರಿ ಅಗ್ರಿಮೆಂಟು, ಕೋರ್ಟಿನ ದಾವೆ ನನ್ನನ್ನು ಕೇಳಬೇಡಿ. ಇ-ಖಾತೆ ಹೇಳುತ್ತದೆ, ನಾನು ತೆರಿಗೆಯ ಲೆಕ್ಕ, ಒಡೆತನದ ಪುರಾವೆಯಲ್ಲ.

ಕೊನೆಗೆ ವೆಬ್‌ಕ್ಯಾಮಿನ ಮುಂದೆ ಕೂರಿಸಿ ಹೆಬ್ಬೆಟ್ಟು ಒತ್ತಿಸುತ್ತಾರೆ. ‘ಕನ್ನಡಕ ತೆಗೀರಿ ಸಾರ್.’ ಓದಲು ಬೇಕಾದದ್ದು ಅದೊಂದೇ ಇತ್ತು.