ಹಾಲು ಬಿಡಿಸಿದ ಟಗರುಮರಿಯ ದಾಣಿಯಿಂದ ಆಂಟಿಬಯಾಟಿಕ್ ಪೂರ್ತಿ ತೆಗೆಯಬೇಕೆ?

ಪರ: ತೆಗೆಯಲೇಬೇಕು

ಮೂರು ತಿಂಗಳಿಗೆ ಹಾಲು ಬಿಡಿಸಿದ ಕೆಂಗುರಿ ತಳಿಯ ಮರಿಯನ್ನು ಕಟ್ಟಿ ಮೇಯಿಸತೊಡಗಿದಾಗ ಅದನ್ನು ಕಾಡುವುದು ಮುಖ್ಯವಾಗಿ ಕಾಳು ಒಮ್ಮೆಲೇ ಹೆಚ್ಚಾಗಿ ಹೊಟ್ಟೆ ಹುಳಿಯಾಗುವುದು, ಕರುಳಿನಲ್ಲಿ ಬ್ಯಾಕ್ಟೀರಿಯಾದ ವಿಷ ಏರುವ ಕರುಳುಬೇನೆ ಮತ್ತು ಒದ್ದೆ ಹಟ್ಟಿಯ ರಕ್ತಭೇದಿ. ದಾಣಿಗೆ, ಅಂದರೆ ಕಾಳು-ಹಿಂಡಿಯ ಮಿಶ್ರಣಕ್ಕೆ, ಬೆರೆಸುವ ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಪುಡಿ ಇವುಗಳ ಬುಡಕ್ಕೆ ಹೋಗುವುದಿಲ್ಲ. ಅದೂ ಅಲ್ಲದೆ, ಕಾಯಿಲೆ ಬಿದ್ದ ಮರಿ ಮೊದಲು ಬಿಡುವುದೇ ಮೇವು. ಅದರ ಪಾಲನ್ನು ಗಟ್ಟಿ ಮರಿ ತಿನ್ನುತ್ತದೆ, ಮದ್ದೂ ಅದರ ಹೊಟ್ಟೆಗೇ ಹೋಗಿ ಮೇವು ಅರಗಿಸುವ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ.

ಬದಲಿ ದಾರಿ ಶುರುವಾಗುವುದು ಲಸಿಕೆಯಿಂದ. ಕರುಳುಬೇನೆಯ ಮೊದಲ ಚುಚ್ಚುಮದ್ದು ದಾಣಿ ಏರಿಸುವ ಮೊದಲೇ ಬೀಳಬೇಕು, ಎರಡನೆಯದು 14ರಿಂದ 21 ದಿನಕ್ಕೆ. ದಾಣಿಯನ್ನು ಮರಿಗೆ ದಿನಕ್ಕೆ 50 ಗ್ರಾಂನಿಂದ ಆರಂಭಿಸಿ, ಮೂರು ದಿನಕ್ಕೊಮ್ಮೆ ಸುಮಾರು 30 ಗ್ರಾಂ ಏರಿಸುತ್ತ ಮೂರು ವಾರದಲ್ಲಿ 250 ಗ್ರಾಂ ಮುಟ್ಟಿಸಿ, ಎರಡು ಹೊತ್ತಿಗೆ ಹಂಚಿ. ಮೊದಲು ತೊಗರಿ ಹೊಟ್ಟು ಇಲ್ಲವೇ ಶೇಂಗಾ ಬಳ್ಳಿ, ಆಮೇಲೆ ದಾಣಿ.

ನೂರು ಕಿಲೋ ದಾಣಿಗೆ ಮೆಕ್ಕೆಜೋಳದ ನುಚ್ಚು 40, ಶೇಂಗಾ ಹಿಂಡಿ 20, ತೊಗರಿ ಚುನ್ನಿ (ಬೇಳೆ ಗಿರಣಿಯ ನುಚ್ಚು-ಸಿಪ್ಪೆ) 20, ತೌಡು 17, ಖನಿಜ ಮಿಶ್ರಣ 2, ಉಪ್ಪು 1 ಕಿಲೋ. ಮೇಲೆ ಅಡುಗೆ ಸೋಡಾ 1 ಕಿಲೋ ಬಿದ್ದರೆ ಹುಳಿ ತಗ್ಗುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ತೌಡು ಅಗ್ಗ ಎಂದು ಪ್ರಮಾಣ ಏರಿಸಬೇಡಿ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಟಗರಿಗೆ ಮೂತ್ರಕಲ್ಲಾಗಿ ಉಚ್ಚೆ ಕಟ್ಟುತ್ತದೆ.

ರಕ್ತಭೇದಿ ತಡೆಗೆ ದಾಣಿಗೆ ಬೆರೆಸುವ ಮೊನೆನ್ಸಿನ್ ಎಂಬ ಮದ್ದಿನ ವಿಷಯ ಬೇರೆಯೇ. ಕುರಿಗೆ ಅಳತೆ ಮೀರಿದರೂ ಜೀವಕ್ಕೆ ಕುತ್ತು. ಹಟ್ಟಿ ಸಾಮಾನು ಹೊರುವ ಕತ್ತೆ, ಕುದುರೆ ಆ ದಾಣಿಗೆ ಬಾಯಿ ಹಾಕಿದರಂತೂ ಹೃದಯ ಕೆಟ್ಟು ಸಾಯಬಹುದು. ತಾಡಪತ್ರಿ ಹಾಸಿ ಸಲಿಕೆಯಲ್ಲಿ ದಾಣಿ ಕಲಸುವ ಕಡೆ ಇಂಥ ಮದ್ದು ಬೇಡವೇ ಬೇಡ. ನೂರು ಕಿಲೋದಲ್ಲಿ ಒಂದು ಚಮಚ ಪುಡಿ ಸಮನಾಗಿ ಹರಡಲು ಮೊದಲು ಒಂದು ಕಿಲೋ ತೌಡಿನಲ್ಲಿ, ಆಮೇಲೆ ಹತ್ತು ಕಿಲೋದಲ್ಲಿ ಕಲಸಿ ಕೊನೆಗೆ ರಾಶಿಗೆ ಸೇರಿಸಬೇಕು. ಅಷ್ಟು ತಾಳ್ಮೆ ಯಾರಿಗಿದೆ?

ವಿರೋಧ: ಪೂರ್ತಿ ತೆಗೆಯುವುದು ಆತುರ

ಮೇಲಿನದೆಲ್ಲ ಸ್ವಂತ ಹಟ್ಟಿಯಲ್ಲಿ ಹುಟ್ಟಿದ ಮರಿಗೆ ಸರಿ. ಸಂತೆಯಲ್ಲಿ ಕೊಂಡ ಮರಿಗೆ ಲಸಿಕೆ ಬಿದ್ದಿದೆಯೋ ಇಲ್ಲವೋ ಮಾರುವವನಿಗೇ ಗೊತ್ತಿರುವುದಿಲ್ಲ. ನಾಲ್ಕಾರು ಹಟ್ಟಿಗಳ ಮರಿಗಳು ಒಂದೇ ಟಂಟಂ ಗಾಡಿಯಲ್ಲಿ ಒತ್ತಿಕೊಂಡು, ನೀರಿಲ್ಲದೆ ಬರುತ್ತವೆ. ಇಂದು ಚುಚ್ಚಿದ ಲಸಿಕೆ ನಾಳೆಗೇ ರಕ್ಷಣೆ ಕೊಡುವುದಿಲ್ಲ. ಆ ಎರಡು ವಾರದ ಸಂದಿಯಲ್ಲೇ ಕೆಮ್ಮು, ಭೇದಿ ಹತ್ತುತ್ತವೆ. ಪಶುವೈದ್ಯರು ಗುಂಪಿಗೇ ಮದ್ದು ಬರೆದರೆ ಅದನ್ನು ನೀರಿನಲ್ಲೋ ದಾಣಿಯಲ್ಲೋ ಐದಾರು ದಿನ ಕೊಡುವ ದಾರಿ ತೆರೆದಿರಲಿ. ತೂಕ ಏರಿಸಲು ತಿಂಗಳುಗಟ್ಟಲೆ ಹಾಕುವುದಕ್ಕೆ ನಮ್ಮದೂ ಒಪ್ಪಿಗೆಯಿಲ್ಲ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು 2019ರಲ್ಲೇ ಕೇಂದ್ರ ಸರ್ಕಾರ ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ನಿಷೇಧಿಸಿದ್ದು ಸರಿಯೇ.

ಬದಲಿ ಎಂದು ಮಾರುವ ಪೊಟ್ಟಣಗಳ ಕಥೆಯನ್ನೂ ನೋಡಿ. ಬ್ಯಾಕ್ಟೀರಿಯಾದ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ನೆರವಾಗುವ ಸೂಕ್ಷ್ಮಜೀವಿಗಳ ಪುಡಿ, ಜೀವಂತ ಸರಕು. ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ತೆರೆದಿಟ್ಟರೆ ವಾರ ಕಳೆಯುವಷ್ಟರಲ್ಲಿ ಅದರಲ್ಲಿ ಎಷ್ಟು ಜೀವ ಉಳಿದೀತು? ಟೆಟ್ರಾಸೈಕ್ಲಿನ್ ಜೊತೆ ಕೊಟ್ಟರೆ ಅದರ ಬೆಳವಣಿಗೆ ಕುಂಠಿತವಾಗಿ ದುಡ್ಡೂ ದಂಡವಾಗಬಹುದು. ಯೀಸ್ಟ್ ಶಿಲೀಂಧ್ರವಾದ್ದರಿಂದ ಟೆಟ್ರಾಸೈಕ್ಲಿನ್‌ಗೆ ಸಾಯುವುದಿಲ್ಲ, ಆದರೆ ದಾಣಿಯನ್ನು ಗುಳಿಗೆ ಮಾಡುವ ಯಂತ್ರದ ಬಿಸಿಯನ್ನು ದಾಟುವುದು ಅದಕ್ಕೂ ಕಷ್ಟ. ಅಜವಾನ, ಬೇವು, ಅರಿಶಿನದ ಪುಡಿಯಲ್ಲಿ ಸಾರ ಒಂದು ಚೀಲದಲ್ಲಿದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ರಕ್ತಭೇದಿ ಹಿಡಿದ ಮರಿಗೆ ಅದನ್ನೇ ಹಾಕುತ್ತ ಕೂತರೆ ಆಂಪ್ರೋಲಿಯಂ ಕೊಡುವ ಹೊತ್ತು ಮೀರುತ್ತದೆ.

ಡೆನ್ಮಾರ್ಕ್‌ನಲ್ಲಿ ಹಂದಿಮರಿಗಳ ಮೇವಿನಿಂದ ಬೆಳವಣಿಗೆಯ ಆಂಟಿಬಯಾಟಿಕ್ ತೆಗೆದ ಮೊದಲ ವರ್ಷಗಳಲ್ಲಿ ಭೇದಿ ಹೆಚ್ಚಿ, ಚಿಕಿತ್ಸೆಯ ಮದ್ದಿನ ಬಳಕೆ ಏರಿತು. ಯುರೋಪಿಯನ್ ಒಕ್ಕೂಟದಲ್ಲಿ ಹಂದಿಮರಿಗಳ ಭೇದಿ ತಡೆಗೆ ನೆಚ್ಚಿಕೊಂಡಿದ್ದ ಸತುವಿನ ಆಕ್ಸೈಡ್ ಔಷಧಿಯನ್ನೂ 2022ರಲ್ಲಿ ನಿಲ್ಲಿಸಬೇಕಾಯಿತು. ಆದ್ದರಿಂದ ಕೊಂಡ ಮರಿಗಳನ್ನು ಮೂರು ವಾರ ಬೇರೆ ಕಟ್ಟಿ. ಮೊದಲ ದಿನ ಕಾಳು ಬೇಡ, ಒಣ ಹೊಟ್ಟು ಮತ್ತು ನೀರು ಸಾಕು. ಹಿಕ್ಕೆ ಪರೀಕ್ಷೆ ಮಾಡಿಸಿಯೇ ಜಂತುನಾಶಕ ಕುಡಿಸಿ. ನೆಲ ಒಣಗಿರಲಿ, ಗೋದಲಿಗೆ ಕಾಲಿಟ್ಟು ಹಿಕ್ಕೆ ಹಾಕದಂತೆ ಎತ್ತರಿಸಿ. ಇದಿಷ್ಟು ಹಟ್ಟಿಯಲ್ಲಿ ನೆಲೆಗೊಂಡ ಮೇಲೆ ಆಂಟಿಬಯಾಟಿಕ್ ಡಬ್ಬಿಯನ್ನು ದಾಣಿ ಕೋಣೆಯಿಂದ ತೆಗೆದಿಡಿ.